ಟಿಎಂಟಿ ನಾರ್ಮಲ್ ಇತ್ತು, ಆದ್ರೂ ಹಾರ್ಟ್ ಅಟ್ಯಾಕ್ ಹೇಗಾಯ್ತು?

ಗಟ್ಟಿಮುಟ್ಟಾಗಿದ್ದವರು ಹಠಾತ್ತನೆ ಹೋದಾಗ ಬೆಂಗಳೂರಿನಲ್ಲಿ ಈಗ ಎಲ್ಲರೂ ಕೇಳುವ ಪ್ರಶ್ನೆ ಇದು. ಟಿಎಂಟಿ ಅಂದ್ರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ. ಉತ್ತರ ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೃದಯದ ವಿದ್ಯುತ್ ಸಂಕೇತವನ್ನ ಕಾಗದದ ಮೇಲೆ ಗೆರೆಯಾಗಿ ತೋರಿಸುವ ಇಸಿಜಿ ಕಂಡುಹಿಡಿದ ಐಂತೋವೆನ್‌ಗೆ ನೊಬೆಲ್ ಸಿಕ್ಕಿದ್ದು 1924ರಲ್ಲಿ. 1958ರಲ್ಲಿ ಹೃದಯದ ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌-ರೇಯಲ್ಲಿ ನೋಡುವ ಆಂಜಿಯೋಗ್ರಾಮ್, 1977ರಲ್ಲಿ ಕಟ್ಟಿದ ನಾಳವನ್ನ ಬಲೂನಿನಿಂದ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ, 80ರ ದಶಕದಲ್ಲಿ ನಾಳ ಮತ್ತೆ ಮುಚ್ಚದಂತೆ ಒಳಗಿಡುವ ಜಾಲರಿ ಕೊಳವೆ, ಅಂದ್ರೆ ಸ್ಟೆಂಟ್ ಬಂದವು. ಇತ್ತ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಶುರುವಾದ ಜಯದೇವ ಹೃದ್ರೋಗ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಗೆ ಹೋಗಿ ಎಷ್ಟು ಬೆಳೆಯಿತೆಂದರೆ ಮೆಟ್ರೊ ಸ್ಟೇಷನ್ನಿಗೂ ಅದರದೇ ಹೆಸರು.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿತು. ದರ ಇಳಿಯಿತು, ಸರಿ. ಯಾರಿಗೆ ಹಾಕಬೇಕು ಅನ್ನೋ ಗೊಂದಲ ಇಳಿಯಲಿಲ್ಲ. ಅಟ್ಯಾಕ್ ಆಗ್ತಿರುವಾಗ ಆಂಜಿಯೋಪ್ಲಾಸ್ಟಿ ಜೀವ ಉಳಿಸುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೆಟ್ಟಿಲು ಹತ್ತಿದಾಗ ನೋವು ಬಂದು, ನಿಂತರೆ ಹೋಗುವವರಲ್ಲಿ? 2007ರ ಕರೇಜ್, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನಗಳಲ್ಲಿ ಇಂಥವರಿಗೆ ಮಾತ್ರೆಯ ಜೊತೆ ಸ್ಟೆಂಟ್ ಹಾಕಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ನೋವು ಕಡಿಮೆಯಾಗಬಹುದು, ಅದೂ ಸಣ್ಣ ವಿಷಯವಲ್ಲ.

ಆಮೇಲೆ 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್‌ಗೆ ಬರೀ 46. ಜಿಮ್‌ಗೆ ಹೋಗುವ ಹುಡುಗರೆಲ್ಲ ಹೆದರಿ ಆಸ್ಪತ್ರೆಗಳ ಮುಂದೆ ಸಾಲು ನಿಂತರು. 2025ರಲ್ಲಿ ಹಾಸನದ ಸರಣಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಅದೇ ಕಥೆ. ನಡುವೆ 'ಹಾರ್ಟ್ ಚೆಕಪ್ ಪ್ಯಾಕೇಜ್' ಅನ್ನೋದು ಮದುವೆ ಆನಿವರ್ಸರಿ ಗಿಫ್ಟ್ ಆಗುವ ಮಟ್ಟಕ್ಕೆ ಬಂತು.

ಟಿಎಂಟಿ ಅಸಲಿಗೆ ಏನು ನೋಡುತ್ತೆ ಅಂತ ಆ ಭರಾಟೆಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಜೋರಾಗಿ ನಡೆಯುವಾಗ ಹೃದಯಕ್ಕೆ ರಕ್ತ ಸಾಲದೆ ಹೋಗುತ್ತಾ ಅಂತ ನೋಡುತ್ತೆ, ಅಷ್ಟೇ. ನಾಳ ಶೇ 70ರಷ್ಟು ಕಟ್ಟಿದ್ದರೆ ಅದು ಸಾಮಾನ್ಯವಾಗಿ ಸಿಕ್ಕಿಬೀಳುತ್ತೆ. ಶೇ 40 ಕಟ್ಟಿದ್ದರೆ ಆರಾಮಾಗಿ ಪಾಸ್! ಆದ್ರೆ ಆ ಶೇ 40ರ ಕೊಬ್ಬಿನ ಪದರವೇ ಒಂದು ದಿನ ಬಿರಿದು, ಮೇಲೆ ರಕ್ತ ಹೆಪ್ಪುಗಟ್ಟಿದರೆ ನಿಮಿಷಗಳಲ್ಲಿ ನಾಳ ಬಂದ್. ರಿಪೋರ್ಟ್ ಸುಳ್ಳಲ್ಲ, ನಾವು ಅದನ್ನ ಗ್ಯಾರಂಟಿ ಕಾರ್ಡ್ ಅಂದುಕೊಂಡಿದ್ದೇ ತಪ್ಪು. ಉಲ್ಟಾನೂ ಆಗುತ್ತೆ: ಏನೂ ತೊಂದರೆ ಇಲ್ಲದವರಿಗೆ, ಅದರಲ್ಲೂ ಹೆಂಗಸರಿಗೆ, ಸುಮ್ನೆ ಪಾಸಿಟಿವ್ ಬಂದು ಆಂಜಿಯೋಗ್ರಾಮ್‌ವರೆಗೂ ಓಡಾಟ.

ಬಿಪಿ, ಶುಗರ್, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್, ಸಿಗರೇಟು ನೋಡಿಕೊಳ್ಳೋದು ಇದಕ್ಕಿಂತ ಎಷ್ಟೋ ಅಗ್ಗ. ಆದ್ರೆ ಅದಕ್ಕೆ ಫ್ಲೆಕ್ಸ್ ಹಾಕೋರು ಯಾರು?

ನೋವು ಇರುವವರ ವಿಷಯವೇ ಬೇರೆ. ಎದೆ ಬಿಗಿಯುತ್ತೆ, ಬೆವರು ಸುರಿಯುತ್ತೆ, ಮನೆಯಲ್ಲಿ 'ಗ್ಯಾಸ್ ಇರಬೇಕು' ಅಂತ ಜೀರಿಗೆ ನೀರು ಕೊಡ್ತಾರೆ. ಇಸಿಜಿಗೆ ಬೇಕಿರೋದು ಎದೆ ಮೇಲೆ ಆರು, ಕೈಕಾಲಿಗೆ ನಾಲ್ಕು ಎಲೆಕ್ಟ್ರೋಡು, ಒಂಚೂರು ಜೆಲ್ಲಿ, ಐದು ನಿಮಿಷ. ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ತೆಗೆಯಬೇಕು ಅನ್ನೋದು ವೈದ್ಯರ ನಿಯಮ. ಮೊದಲನೇದು ನಾರ್ಮಲ್ ಬಂದು ನೋವು ಹೋಗದಿದ್ದರೆ ಮತ್ತೆ ತೆಗೀತಾರೆ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡ್ತಾರೆ. ಒಂದೇ ಇಸಿಜಿ ನೋಡಿ ಮನೆಗೆ ಕಳಿಸಿದರೆ ಇನ್ನೊಂದು ಕೇಳೋದರಲ್ಲಿ ಸಂಕೋಚ ಬೇಡ.

ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಹಿಡಿದಿದ್ದು ಈ ತುದಿಯನ್ನೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಉಚಿತವಾಗಿ ಕೊಡುವುದು. ಆ ಇಂಜೆಕ್ಷನ್ನಿನ ಉಪಯೋಗ ಗಂಟೆಗಂಟೆಗೂ ಇಳಿಯುತ್ತೆ, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಬೆಂಗಳೂರಿನಲ್ಲಿ ಚೆಕಪ್ಪಿಗೆ ರಕ್ತ ತಗೊಳ್ಳೋಕೆ ಮನೆ ಬಾಗಿಲಿಗೇ ಬರ್ತಾರೆ. ರಾತ್ರಿ ಎರಡಕ್ಕೆ ಹತ್ತಿರದಲ್ಲಿ ಇಸಿಜಿ ಎಲ್ಲಿ ತೆಗೀತಾರೆ ಅಂತ ನಮ್ಮ ಏರಿಯಾದಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?