ಕ್ಲಿನಿಕ್ ಮುಚ್ಚಿರುವಾಗ ಭೇದಿ, ಜ್ವರ: ಮನೆಯಲ್ಲಿ ಅಳತೆ ತಪ್ಪುವುದೆಲ್ಲಿ?

ಸಮುದಾಯ ಆರೋಗ್ಯ ಶುಶ್ರೂಷೆ ಓದುತ್ತಿರುವ ನಮ್ಮವರಿಗಾಗಿ ಈ ಟಿಪ್ಪಣಿ. ಪಠ್ಯದಲ್ಲಿ ಮನೆ ಆರೈಕೆಯ ಭಾಗ ಒಂದು ಪಟ್ಟಿಯಂತಿದೆ: ಭೇದಿಗೆ ಇದು, ಜ್ವರಕ್ಕೆ ಇದು. ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಮನೆ ಭೇಟಿಗೆ ಹೋದರೆ ಆ ಪಟ್ಟಿ ತಾಯಂದಿರಿಗೆ ಆಗಲೇ ಬಾಯಿಪಾಠ. ಭಾನುವಾರ ಸಂಜೆ ಕ್ಲಿನಿಕ್ ಬಾಗಿಲು ಹಾಕಿದ್ದರೂ ಮೆಡಿಕಲ್ ಸ್ಟೋರ್ ತೆರೆದಿರುತ್ತದೆ, ಓಆರ್‌ಎಸ್ (ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಲವಣ-ಗ್ಲೂಕೋಸ್ ಪುಡಿ) ಪೊಟ್ಟಣವೂ ಜ್ವರದ ಪ್ಯಾರಾಸಿಟಮಾಲ್ ಸಿರಪ್ಪೂ ಮನೆಗೆ ಬರುತ್ತವೆ. ಎಡವುವುದು ಆಮೇಲೆ. ಎಷ್ಟು ನೀರಿಗೆ, ಎಷ್ಟು ಮಿಲಿಲೀಟರ್, ಎಷ್ಟು ಗಂಟೆಗೊಮ್ಮೆ ಎಂಬುದನ್ನು ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ. ಹಾಗೆ ಹೇಳಿಕೊಡುವುದೇ ನಮ್ಮ ಕೆಲಸ ಎಂದು ನಾನು ನಂಬಿದ್ದೇನೆ.

ಮೊದಲು ಓಆರ್‌ಎಸ್. ದೊಡ್ಡ ಪೊಟ್ಟಣದಲ್ಲಿ ಒಟ್ಟು 20.5 ಗ್ರಾಂ ಪುಡಿ ಇರುತ್ತದೆ: ಗ್ಲೂಕೋಸ್ 13.5, ಉಪ್ಪು 2.6, ಟ್ರೈಸೋಡಿಯಂ ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಇದು ಸರಿಯಾಗಿ 1 ಲೀಟರ್ ನೀರಿಗೆ. ಮನೆಯಲ್ಲಿ ನಡೆಯುವುದೇನು? ಪೊಟ್ಟಣದ ಮೂಲೆ ಕತ್ತರಿಸಿ, ಒಂದು ಲೋಟ ನೀರಿಗೆ ಎರಡು ಚಮಚ ಸುರಿದು, ಉಳಿದದ್ದನ್ನು ಮಡಚಿ ಡಬ್ಬಿಯ ಅಡಿಯಲ್ಲಿ ಇಡುತ್ತಾರೆ. ಪುಡಿ ಹಾಳಾಗಬಾರದು ಎಂಬ ಕಾಳಜಿ ಅದು. ಆದರೆ ಆ ಲೋಟದ ದ್ರಾವಣ ಗಟ್ಟಿಯಾಗಿರುತ್ತದೆ. ಗಟ್ಟಿ ದ್ರಾವಣ ಕರುಳಿನೊಳಕ್ಕೆ ಇನ್ನಷ್ಟು ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ, ಮಗುವಿನ ರಕ್ತದಲ್ಲಿ ಸೋಡಿಯಂ ಏರಬಹುದು. ತೀರಾ ತೆಳುವಾದರೆ ಕಳೆದುಹೋದ ಲವಣ ತುಂಬುವುದಿಲ್ಲ. ಆದ್ದರಿಂದ ಒಂದು ಲೀಟರಿನ ನೀರಿನ ಬಾಟಲಿಯನ್ನೇ ಅಳತೆಗೆ ಇಟ್ಟುಕೊಳ್ಳಲು ಹೇಳಿ. ಕುದಿಸಿ ಆರಿಸಿದ ನೀರು, ಇಡೀ ಪೊಟ್ಟಣ, 24 ಗಂಟೆ ಕಳೆದರೆ ಉಳಿದದ್ದು ಚೆಲ್ಲಬೇಕು. 200 ಮಿ.ಲೀ.ಗೆ ಮಾಡಿದ ಸಣ್ಣ ಪೊಟ್ಟಣಗಳೂ ಬರುತ್ತವೆ, ಹಾಗಾಗಿ ಮೇಲಿನ ಬರಹ ಓದಿಯೇ ಕತ್ತರಿಸಬೇಕು.

ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಸಪಾಟಾಗಿ ತುಂಬಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇಲ್ಲಿ ಸಪಾಟು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು; ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು ತೋರಿಸಿ.

ಸಕ್ಕರೆ ಯಾಕೆ ಬೇಕು ಎಂದು ಪರೀಕ್ಷೆಯಲ್ಲೂ ಕೇಳುತ್ತಾರೆ, ಅಜ್ಜಿಯರೂ ಕೇಳುತ್ತಾರೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಒಟ್ಟಿಗೆ ಒಳಗೆಳೆಯುವ ಪ್ರೋಟೀನ್ ಇದೆ. ಭೇದಿಯಾಗುತ್ತಿರುವಾಗಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಅವೆರಡೂ ಹೋದ ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನೋಬಿಸ್ ಇಂಥ ದ್ರಾವಣವನ್ನು ಡ್ರಮ್‌ಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಈ ಸಂಗತಿಯನ್ನು ಮನೆಗಳಲ್ಲಿ ಹೇಳಿ ನೋಡಿ, ಡ್ರಿಪ್ ಹಾಕಿಸಿದರೇ ವಾಸಿ ಎನ್ನುವವರೂ ಕಿವಿಗೊಡುತ್ತಾರೆ.

ಕುಡಿಸುವ ಪ್ರಮಾಣ: ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು ಮಾಡಬೇಕು. ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬಾರದು. ಜೊತೆಗೆ 14 ದಿನ ಸತು (ಜಿಂಕ್), 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ. ಮದ್ದೂರಿನ ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಓಆರ್‌ಎಸ್ ಬದಲಿಗೆ ಅಲ್ಲ, ಜೊತೆಗೆ. ಉಪ್ಪು ಹಾಕಿದ ನೀರುಮಜ್ಜಿಗೆಯೂ ಹಾಗೆಯೇ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳಿಗೆ ಓಆರ್‌ಎಸ್ ಎಂಬ ಹೆಸರು ಸೇರಿಸಬಾರದೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಬಹಳ ಹಿಂದೆಯೇ ಬರಬೇಕಿದ್ದ ಆದೇಶ ಅದು.

ಇನ್ನು ಜ್ವರ. ಮಕ್ಕಳಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ., 4ರಿಂದ 6 ಗಂಟೆಯ ಅಂತರ, ದಿನಕ್ಕೆ ನಾಲ್ಕು ಸಲ ಮೀರಬಾರದು. ಲೆಕ್ಕ ಹಾಕೋಣ. ಮಗುವಿನ ತೂಕ 10 ಕಿಲೋ, ಅಂದರೆ 100ರಿಂದ 150 ಮಿ.ಗ್ರಾಂ. 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ. ಇರುವ ಸಿರಪ್ ಆದರೆ 5 ಮಿ.ಲೀ.; 250 ಮಿ.ಗ್ರಾಂ. ಇರುವುದಾದರೆ 2.5 ಮಿ.ಲೀ. ಮಾತ್ರ. ಹನಿ ಔಷಧಿಯಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೇ 100 ಮಿ.ಗ್ರಾಂ. ಇರುತ್ತದೆ. ಅದನ್ನು ಸಿರಪ್ಪಿನಂತೆ 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ. ಒಳಗೆ ಹೋಯಿತು, ಬೇಕಾದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಪೆಟ್ಟು ಬೀಳುವುದು ಯಕೃತ್ತಿಗೆ. ಅಳೆಯಲು ಬಾಟಲಿಯ ಜೊತೆಗಿನ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ, ಅಡುಗೆಮನೆಯ ಚಮಚ ಬೇಡ. ಡೆಂಗಿ ಇರಬಹುದಾದ ಮಳೆಗಾಲದಲ್ಲಿ ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವದ ಅಪಾಯವಿದೆ. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ಜ್ವರ-ನೋವಿನ ಔಷಧಿ 2011ರಿಂದಲೇ ನಿಷಿದ್ಧ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದಿನ ಮಾತೇ ಇಲ್ಲ, ಆಸ್ಪತ್ರೆಗೆ.

ಕೆಮ್ಮಿಗೆ ವರ್ಷ ತುಂಬಿದ ಮಕ್ಕಳಿಗೆ ಜೇನು ಸಾಕು. ವರ್ಷದೊಳಗೆ ಬಾಟುಲಿಸಂ ಎಂಬ, ನರಗಳನ್ನು ಸೋಲಿಸುವ ವಿಷಬಾಧೆಯ ಭಯವಿರುವುದರಿಂದ ನೆಕ್ಕಿಸಲೂ ಬಾರದು. 2 ವರ್ಷದೊಳಗೆ ಕೆಮ್ಮಿನ ಸಿರಪ್ ಬೇಡ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು; ಟೂತ್‌ಪೇಸ್ಟ್, ಇಂಕು, ಮಂಜುಗಡ್ಡೆ ಬೇಡ. ನಾಯಿ ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಲಸಿಕೆಗೆ ಹೊರಡಬೇಕು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿಗೆ ಅಲೆಯುವುದು ಯಾವುದೂ ಬೇಡ. ಅಲ್ಲಾಡದಂತೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಮಗುವಿನ ಕಾಯಿಲೆ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು ಹೌದೋ ಅಲ್ಲವೋ ಎಂದು ತಿಳಿಯಲು ನಾಲ್ಕು ಪ್ರಶ್ನೆ ಕೇಳಿ. ಕುಡಿಯಲು, ಹಾಲು ಚೀಪಲು ಆಗುತ್ತಿಲ್ಲವೇ? ಕುಡಿದದ್ದೆಲ್ಲ ವಾಂತಿಯೇ? ಫಿಟ್ಸ್ ಬಂತೇ? ಎಬ್ಬಿಸಿದರೂ ಏಳದಷ್ಟು ಮಂಕೇ? ಒಂದಕ್ಕೆ ಹೌದು ಎಂದರೂ ಸೋಮವಾರದವರೆಗೆ ಕಾಯುವಂತಿಲ್ಲ. ಅಂಗಿ ಎತ್ತಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ: 2 ತಿಂಗಳೊಳಗೆ 60, ವರ್ಷದೊಳಗೆ 50, 1ರಿಂದ 5 ವರ್ಷಕ್ಕೆ 40 ಮುಟ್ಟಿದರೆ ಅಥವಾ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಹೊರಡಬೇಕು. ಭೇದಿಯಾದ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮಲದಲ್ಲಿ ರಕ್ತ ಕಂಡರೆ ಆಗಲೂ ಹಾಗೆಯೇ. ಮಂಡ್ಯದಲ್ಲಿ ಮಿಮ್ಸ್ (ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಮೈಸೂರಿನಲ್ಲಿ ಮಕ್ಕಳಿಗೆ ಚೆಲುವಾಂಬ, ದೊಡ್ಡವರಿಗೆ ಕೆ.ಆರ್. ಆಸ್ಪತ್ರೆ. ಹೊರಡುವಾಗ ಔಷಧಿಯ ಬಾಟಲಿ ಕೈಯಲ್ಲಿರಲಿ. ಎಷ್ಟು ಮಿ.ಲೀ., ಎಷ್ಟು ಗಂಟೆಗೆ ಕೊಟ್ಟರು, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲು ಹೇಳಿ. ವೈದ್ಯರು ಮೊದಲು ಕೇಳುವುದೇ ಇವನ್ನು.