21 ದಿನಗಳ ಲೆಕ್ಕ

ವೃಷಣದ ಕ್ಯಾನ್ಸರ್ ಹೊಟ್ಟೆಯ ದುಗ್ಧಗ್ರಂಥಿಗಳಿಗೂ ಶ್ವಾಸಕೋಶಕ್ಕೂ ಹರಡಿದೆಯೆಂದು ಸ್ಕ್ಯಾನ್ ತೋರಿಸಿದ ಮೇಲೆ, ಮಗನನ್ನು ಹೊರಗೆ ಕೂರಿಸಿ ಒಳಬರುವ ತಂದೆತಾಯಿಯರು ಮೊದಲು ಕೇಳುವುದು ‘ಇನ್ನೆಷ್ಟು ದಿನ, ಡಾಕ್ಟ್ರೇ?’ ಎಂದು. ಬೇರೆ ಬಹುತೇಕ ಕ್ಯಾನ್ಸರ್‌ಗಳು ಈ ಹಂತಕ್ಕೆ ಬಂದಾಗ ನಾವು ಅಳೆದು ತೂಗಿ ಮಾತಾಡುತ್ತೇವೆ. ಇಲ್ಲಿ ಮಾತ್ರ, ಔಷಧ ಕೊಡುತ್ತಿರುವುದೇ ವಾಸಿ ಮಾಡಲೆಂದು ಧೈರ್ಯವಾಗಿ ಹೇಳಬಹುದು.

ಈ ಧೈರ್ಯಕ್ಕೆ ಕಾರಣ ಪ್ಲಾಟಿನಮ್ ಲೋಹದಿಂದಾದ ಔಷಧ ಸಿಸ್‌ಪ್ಲಾಟಿನ್. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಅದನ್ನು ವಿನ್‌ಬ್ಲಾಸ್ಟಿನ್ ಮತ್ತು ಬ್ಲಿಯೋಮೈಸಿನ್ ಜೊತೆಗೂಡಿಸಿ ಕೊಡಲಾರಂಭಿಸಿದರು. ಮುಂದೆ ವಿನ್‌ಬ್ಲಾಸ್ಟಿನ್ ಸ್ಥಾನಕ್ಕೆ ಎಟೊಪೊಸೈಡ್ ಬಂದು ಈ ಮೂರು ಔಷಧಗಳ (ಬ್ಲಿಯೋಮೈಸಿನ್, ಎಟೊಪೊಸೈಡ್, ಪ್ಲಾಟಿನಮ್) ಇಂದಿನ ಬಿಇಪಿ ಚಿಕಿತ್ಸೆ ರೂಪುಗೊಂಡಿತು. ವೃಷಣದ ಕ್ಯಾನ್ಸರ್‌ನ ಎರಡು ಮುಖ್ಯ ಬಗೆಗಳಲ್ಲಿ ಸೆಮಿನೋಮಾ ಒಂದು; ಅದಲ್ಲದ ಇನ್ನೊಂದು ಬಗೆಯಲ್ಲಿ, 2021ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವಿಶ್ಲೇಷಣೆಯ ಪ್ರಕಾರ, ಕಡಿಮೆ ಅಪಾಯದ ಗುಂಪಿನ ಶೇ. 96ರಷ್ಟು, ಮಧ್ಯಮ ಗುಂಪಿನ ಶೇ. 89ರಷ್ಟು, ಹೆಚ್ಚು ಅಪಾಯದ ಗುಂಪಿನ ಶೇ. 67ರಷ್ಟು ರೋಗಿಗಳು ಐದು ವರ್ಷದ ನಂತರವೂ ಬದುಕಿದ್ದರು.

ಆದರೆ ಈ ಫಲ ಸಿಗುವುದು ವೇಳೆ ತಪ್ಪದೆ ಔಷಧ ಕೊಟ್ಟಾಗ. ಚಿಕಿತ್ಸೆಯ ಪ್ರತಿ ಸುತ್ತು, ಅಂದರೆ ಸೈಕಲ್, 21 ದಿನಗಳದ್ದು. ಸಿಸ್‌ಪ್ಲಾಟಿನ್ ಮತ್ತು ಎಟೊಪೊಸೈಡ್ ಮೊದಲ ಐದು ದಿನ, ಬ್ಲಿಯೋಮೈಸಿನ್ ವಾರಕ್ಕೊಮ್ಮೆ. ಕಡಿಮೆ ಅಪಾಯದವರಿಗೆ ಮೂರು ಸೈಕಲ್, ಉಳಿದವರಿಗೆ ನಾಲ್ಕು. ಊರ ಜಾತ್ರೆ ಮುಗಿಯಲಿ, ಹುಡುಗ ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಮನೆಯವರು ಒಂದು ವಾರ ಮುಂದೂಡಲು ಕೇಳುತ್ತಾರೆ. ಕೇಳುವವರ ಕರುಳು ಅರ್ಥವಾಗುತ್ತದೆ, ಆದರೂ ನಾನು ಒಪ್ಪುವುದಿಲ್ಲ. ಜ್ವರವಿಲ್ಲದೆ ಬಿಳಿ ರಕ್ತಕಣ ಮಾತ್ರ ಇಳಿದಿದ್ದರೆ ಸಾಮಾನ್ಯವಾಗಿ ಅಷ್ಟಕ್ಕೇ ಚಿಕಿತ್ಸೆ ತಡಮಾಡುವುದಿಲ್ಲ. ಆದರೆ ನಡುವೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅದು ನಡುರಾತ್ರಿಯೇ ಆಗಿರಲಿ, ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಬರಬೇಕು.

ವಾಂತಿಯನ್ನು ಇಂದಿನ ಔಷಧಗಳು ಬಹುಮಟ್ಟಿಗೆ ಹತೋಟಿಯಲ್ಲಿಡುತ್ತವೆ, ಉದುರಿದ ಕೂದಲು ಮತ್ತೆ ಬರುತ್ತದೆ. ನನ್ನ ಚಿಂತೆ ಬೇರೆಯವುಗಳದ್ದು. ಸಿಸ್‌ಪ್ಲಾಟಿನ್ ಮೂತ್ರಪಿಂಡವನ್ನು ಕೆಡಿಸಬಲ್ಲದಾದ್ದರಿಂದ ಲೀಟರುಗಟ್ಟಲೆ ಸಲೈನ್ ಹರಿಸುತ್ತೇವೆ. ಕಿವಿಯ ಗುಂಯ್‌ಗುಡುವಿಕೆಯೂ ಬೆರಳ ತುದಿಯ ಜೋಮೂ ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಈ ಚಿಕಿತ್ಸೆಯಿಂದ ಮಕ್ಕಳಾಗುವ ಸಾಮರ್ಥ್ಯ ಕುಂದಬಹುದಾದ್ದರಿಂದ, ವೀರ್ಯ ಸಂಗ್ರಹದ ಮಾತನ್ನು ಮೊದಲ ಸೈಕಲ್‌ಗೆ ಮುಂಚೆಯೇ, ಮದುವೆಯಾಗದ ಹುಡುಗನಾದರೆ ತಂದೆತಾಯಿಯರನ್ನು ಹೊರಗೆ ಕಳಿಸಿ, ಅವನೊಬ್ಬನೊಂದಿಗೇ ಆಡುತ್ತೇನೆ.

ಬ್ಲಿಯೋಮೈಸಿನ್ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಡಸುತನ ತರಬಲ್ಲದು. ಹೊಸದಾಗಿ ಒಣಕೆಮ್ಮು ಅಥವಾ ಏದುಸಿರು ಕಾಣಿಸಿಕೊಂಡರೆ ಆ ಔಷಧವನ್ನು ನಿಲ್ಲಿಸಿ ಪರೀಕ್ಷಿಸುತ್ತೇವೆ. ಚಿಕಿತ್ಸೆ ಮುಗಿದ ಮೇಲೆ ಹೊಟ್ಟೆಯಲ್ಲುಳಿದ ಗಡ್ಡೆಯನ್ನು ತೆಗೆಯುವಾಗಲಾಗಲಿ, ಹತ್ತು ವರ್ಷದ ನಂತರ ಅಪೆಂಡಿಕ್ಸ್‌ಗಾಗಲಿ, ಅರಿವಳಿಕೆ ಕೊಡುವ ವೈದ್ಯರಿಗೆ ರೋಗಿ ಬ್ಲಿಯೋಮೈಸಿನ್ ಪಡೆದದ್ದು ತಿಳಿದಿರಬೇಕು, ಏಕೆಂದರೆ ಅವರು ಆಮ್ಲಜನಕವನ್ನು ಅಗತ್ಯಕ್ಕಿಂತ ಹೆಚ್ಚು ಕೊಡದಂತೆ ನೋಡಿಕೊಳ್ಳುತ್ತಾರೆ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಆ ಹೆಸರಿನ ಕೆಳಗೆ ಗೆರೆ ಎಳೆದೇ ಕೊಡುತ್ತೇನೆ.