42ರಲ್ಲಿ 41 ಹೊಡೆದರಂತೆ!

ಕೊಲ್ಲಿ ಯುದ್ಧದ ಹೊತ್ತು, 1991ರ ಜನವರಿ 18ರ ನಸುಕಿನಲ್ಲಿ ಇಸ್ರೇಲಿನ ಟೆಲ್ ಅವೀವ್ ಮತ್ತು ಹೈಫಾ ನಗರಗಳ ಮೇಲೆ ಇರಾಕಿನ ಕ್ಷಿಪಣಿಗಳು ಬಿದ್ದವು. ಆರು ವಾರಗಳಲ್ಲಿ ಸುಮಾರು 40 ಬಂದವು. ಸೈರನ್ ಕೂಗಿದರೆ ನೆಲಮಾಳಿಗೆಗೆ ಓಡಬೇಕು, ಅಲ್ವಾ? ಆದರೆ ಜನರಿಗೆ ಸಿಕ್ಕ ಸೂಚನೆ ಉಲ್ಟಾ: ಕೆಳಗಿಳಿಯಬೇಡಿ, ಮನೆಯಲ್ಲೇ ಇರಿ. ಭಯವಿದ್ದದ್ದು ವಿಷಾನಿಲದ್ದು. ಅದು ಗಾಳಿಗಿಂತ ಭಾರ, ತಗ್ಗಿನಲ್ಲೇ ಬಂದು ನಿಲ್ಲುತ್ತದೆ. ಹಾಗಾಗಿ ಒಂದು ಕೋಣೆ ಆರಿಸಿ, ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಸಂದಿಗೆಲ್ಲ ಟೇಪ್ ಅಂಟಿಸಿ, ಬಾಗಿಲ ಬುಡಕ್ಕೆ ಒದ್ದೆ ಟವೆಲ್ ತುರುಕಿ, ಮುಖವಾಡ ಹಾಕಿಕೊಂಡು ಕೂರಬೇಕಿತ್ತು. ಮುಖವಾಡದ ಫಿಲ್ಟರಿಗೊಂದು ಮುಚ್ಚಳ. ಗಾಬರಿಯಲ್ಲಿ ಅದನ್ನು ತೆಗೆಯಲು ಮರೆತು ಉಸಿರುಗಟ್ಟಿ ಸತ್ತವರಿದ್ದಾರೆ. ಅನಿಲ ಮಾತ್ರ ಬರಲೇ ಇಲ್ಲ. ಬಂದದ್ದೆಲ್ಲ ಮಾಮೂಲಿ ಸ್ಫೋಟಕ. ಅದನ್ನು ಪ್ಲಾಸ್ಟಿಕ್ ಹಾಳೆ ಏನು ತಡೆದೀತು? ಆದರೂ ಸ್ಫೋಟಕ್ಕೆ ಸಿಕ್ಕಿ ಸತ್ತವರಿಗಿಂತ ಹೃದಯಾಘಾತದಿಂದ, ಮುಖವಾಡದ ಎಡವಟ್ಟಿನಿಂದ ಸತ್ತವರೇ ಜಾಸ್ತಿ.

ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯಲು ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಬಂತು. ಇಸ್ರೇಲ್, ಸೌದಿ ಎರಡೂ ಕಡೆ ಸೇರಿಸಿ 42ರಲ್ಲಿ 41 ಹೊಡೆದಿದ್ದೇವೆ ಎಂದು ಫೆಬ್ರವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಹೇಳಿದರು. ಮರುವರ್ಷ ಅಮೆರಿಕ ಸಂಸತ್ತಿನದೇ ಲೆಕ್ಕ ತಪಾಸಣಾ ಕಚೇರಿ ದಾಖಲೆ ಬಿಚ್ಚಿ ನೋಡಿತು. ಸಿಡಿತಲೆ, ಅಂದರೆ ಕ್ಷಿಪಣಿಯ ತುದಿಯ ಸ್ಫೋಟಕ ಭಾಗ, ನಾಶವಾಯಿತು ಎನ್ನಲು ಗಟ್ಟಿ ಪುರಾವೆ ಸಿಕ್ಕಿದ್ದು ನೂರಕ್ಕೆ ಸುಮಾರು 9 ಸಲ ಮಾತ್ರ.

ಕಾರಣ ಸ್ವಾರಸ್ಯವಾಗಿದೆ. 300 ಕಿ.ಮೀ. ಹಾರುವ ಸೋವಿಯತ್ ಸ್ಕಡ್ ಕ್ಷಿಪಣಿಯನ್ನು ಇರಾಕಿನವರು ಉದ್ದ ಮಾಡಿ, ಇಂಧನ ಹೆಚ್ಚಿಸಿ, ಸಿಡಿತಲೆಯ ತೂಕ ಇಳಿಸಿ 600 ಕಿ.ಮೀ. ದಾಟಿಸಿದ್ದರು. ಹೆಸರು ಅಲ್ ಹುಸೇನ್. ಈ ತೇಪೆ ಕೆಲಸ ಕೆಳಗಿಳಿಯುವಾಗ ಗಾಳಿಯ ಹೊಡೆತ ತಾಳದೆ ಮುರಿಯುತ್ತಿತ್ತು. ರಾಡಾರಿಗೆ ಒಂದರ ಬದಲು ಹಲವು ಚೂರು. ಸಿಡಿತಲೆ ಇದ್ದ ಚೂರು ಸುರುಳಿ ಸುತ್ತುತ್ತಾ ಬೀಳುತ್ತಿತ್ತು. ಗುರಿ ಮುಂದೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕುತ್ತಲೇ ಹಾರುವ ಪೇಟ್ರಿಯಟ್ಟಿಗೆ ಆ ಲೆಕ್ಕವೇ ಕೈಕೊಟ್ಟಿತು. ಕ್ಷಿಪಣಿಯನ್ನು ನೆಟ್ಟಗೆ ಕಟ್ಟಿದ್ದಿದ್ದರೆ ಹೊಡೆಯುವುದೂ ಸುಲಭವಾಗುತ್ತಿತ್ತೇನೋ! ಹೊಡೆದರೂ ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಯಾರದೋ ತಾರಸಿಗೇ ಬರಬೇಕು.

ಯುದ್ಧದ ನಂತರ ಇಸ್ರೇಲ್ ಹೊಸ ಮನೆಗಳಿಗೆಲ್ಲ ‘ಮಮಾದ್’ ಕಡ್ಡಾಯ ಮಾಡಿತು. ದಪ್ಪ ಕಾಂಕ್ರೀಟ್ ಗೋಡೆ, ಭಾರದ ಬಾಗಿಲು, ಕಿಟಕಿಗೆ ಉಕ್ಕಿನ ಕದವಿರುವ ಕೋಣೆ ಅದು. ಸ್ಫೋಟ, ಅನಿಲ ಎರಡಕ್ಕೂ ಒಂದೇ ಏರ್ಪಾಡು. ಉಳಿದ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಅದೇ ಮಕ್ಕಳ ಮಲಗುವ ಕೋಣೆ. ಇಸ್ರೇಲಿಗೆ ವಯಸ್ಸಾದವರ ಆರೈಕೆಗೆಂದು ಹೋಗಿರುವ ಮಂಗಳೂರು, ಉಡುಪಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ಕಟ್ಟಡಗಳಲ್ಲಿ ಮಮಾದ್ ಇರುವುದಿಲ್ಲ. ಸೈರನ್ ಕೂಗಿದರೆ ಅಜ್ಜಿಯನ್ನು ಗಾಲಿಕುರ್ಚಿಯಿಂದ ಎತ್ತಿಕೊಂಡು ಆಸರೆಗೆ ಮೆಟ್ಟಿಲ ಬಳಿಗೆ ಹೋಗಬೇಕು. ಗಾಜಾ ಗಡಿಯ ಸ್ಡೆರೋಟ್‌ನಂಥ ಊರಲ್ಲಿ ಸೈರನ್ ಕೊಡುವ ಸಮಯ ಸುಮಾರು 15 ಸೆಕೆಂಡು.